ಮಂಗಳೂರಿನ ಬಂದರ್ ನಿಜವಾಗಿ ಯಾರದ್ದು? ಹಳೆ ಕಥೆ ಗೊತ್ತಿರುವವರು ದಯವಿಟ್ಟು ಹೇಳಿ

ಕಂದಕದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಹಳೆ ಬಂದರಿನ ಪೇಟೆಯಾದ ಬಂದರ್‌ನ ಕಂದಕದಲ್ಲಿ. ಈಗ ಕೆಲಸಕ್ಕಾಗಿ ಬೆಂಗಳೂರಲ್ಲಿದ್ದೇನೆ. ಹೋದ ವಾರ ಮದುವೆಯೊಂದಕ್ಕೆ ಊರಿಗೆ ಬಂದಿದ್ದೆ. ಸಂಜೆ ಸುಮ್ನೆ ದಕ್ಕೆ ಕಡೆ, ದೋಣಿಗಳು ನಿಲ್ಲುವ ಕಟ್ಟೆಯ ಕಡೆ, ನಡೆದುಕೊಂಡು ಹೋದೆ. ನನ್ನ ಅಜ್ಜ ಅಲ್ಲೇ ಒಂದು ಹೆಂಚಿನ ಗೋದಾಮಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಸರಕಿನ ಹಾಯಿಹಡಗು ಮಂಜಿ ಬಂದ ದಿನ ಅವರು ಊಟಕ್ಕೂ ಮನೆಗೆ ಬರುತ್ತಿರಲಿಲ್ಲ, ಬುತ್ತಿ ಕಳಿಸಬೇಕಿತ್ತು ಎಂದು ಅಜ್ಜಿ ಈಗಲೂ ಹೇಳುತ್ತಾರೆ. ಆ ಗೋದಾಮು ಈಗ ಅರ್ಧ ಬಿದ್ದಿದೆ. ಮಾಡಿನ ಮೇಲೆ ಅಶ್ವತ್ಥದ ಗಿಡ ಬೆಳೆದಿದೆ. ಅದರ ಮುಂದೆ ನಿಂತಾಗ ಅಳು ಬಂತು.

ಮದುವೆ ಮನೆಯಲ್ಲೂ ಇದೇ ಮಾತು ಎದ್ದಿತು. ಊಟ ಆದ ಮೇಲೆ ಮೂರು ಜನ ಕೂತು ಜೋರಾಗಿ ವಾದ ಮಾಡಿದರು. ಒಬ್ಬರು ಹೇಳಿದ್ದು, ಇದು ಸರ್ಕಾರದ ಬಂದರಿನ ಜಾಗ, ಅಲ್ಲಿ ಏನು ಕಟ್ಟಬೇಕು ಅಂತ ಸರ್ಕಾರ ಹೇಳಬೇಕು. ಇನ್ನೊಬ್ಬರ ಪ್ರಕಾರ ಅದು ಮೀನುಗಾರರದ್ದು, ಅವರು ಇಲ್ಲದಿದ್ದರೆ ಅಲ್ಲಿ ಇರುವುದು ಬರೀ ಹೊಯ್ಗೆ, ಅಂದರೆ ಮರಳು. ಮೂರನೆಯವರು ಹಳೆ ಗೋದಾಮುಗಳನ್ನೆಲ್ಲ ತೆಗೆದು ಕೊಚ್ಚಿಯ ಹಾಗೆ ಪ್ರವಾಸಿಗರಿಗೆ ಚಂದ ಮಾಡಬೇಕು ಎಂದರು. ಮೂವರೂ ಬಂದರ್‌ನಲ್ಲೇ ಬೆಳೆದವರು. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಅಂತ ನನಗೆ ಅನಿಸಿತು, ಆದರೂ ಮೂರೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ?

ನಾನು ಕೇಳುವುದು ಇಷ್ಟೇ. ಈ ಜಾಗದ ಕಥೆ ಎಲ್ಲಿಂದ ಶುರು? ಅಜ್ಜನ ಕಾಲದಲ್ಲಿ ಅಷ್ಟು ಗಿಜಿಗುಟ್ಟುತ್ತಿದ್ದ ಬಂದರು ಯಾಕೆ ಹೀಗಾಯಿತು? ಮತ್ತೆ ಇಲ್ಲಿ ಯಾವಾಗಲೂ ಜಾಗಕ್ಕೆ ತಕರಾರು ಯಾಕೆ? ಸುಲ್ತಾನ್ ಬತ್ತೇರಿಯ ಕೋಟೆಯ ವಿಷಯವೂ ಗೊತ್ತಿದ್ದರೆ ಹೇಳಿ. ಶಾಲೆಯಲ್ಲಿ ನಮಗೆ ಮೈಸೂರು, ಹಂಪಿ ಎಲ್ಲ ಕಲಿಸಿದರು. ನಮ್ಮ ಬೀದಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ರಥಬೀದಿ ಮಾಸ್ತರ್:

ನಿಮ್ಮ ಮದುವೆ ಮನೆಯ ಜಗಳಕ್ಕೆ ಹತ್ತಿರ ಹತ್ತಿರ ಏಳುನೂರು ವರ್ಷ ವಯಸ್ಸಾಗಿದೆ.

ಇಬ್ನ್ ಬತೂತ ಎಂಬ ಮೊರಾಕ್ಕೊ ದೇಶದ ಪ್ರವಾಸಿ 1342ರ ಸುಮಾರಿಗೆ ಇಲ್ಲಿಗೆ ಬಂದಿದ್ದ. ಊರನ್ನು ಅವನು ಮಂಜರೂರ್ ಎಂದು ಕರೆದಿದ್ದಾನೆ. ಪಾರಸಿ ಮತ್ತು ಯೆಮನ್ ದೇಶದ ವ್ಯಾಪಾರಿಗಳು ಇಲ್ಲೇ ಇಳಿಯುತ್ತಾರೆ, ಕಾಳುಮೆಣಸು, ಶುಂಠಿ ಬೇಕಾದಷ್ಟು ಸಿಗುತ್ತದೆ ಎಂದು ಬರೆದಿದ್ದಾನೆ. ಮುಂದಿನದ್ದು ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುತ್ತದೆ. ಊರಿನ ಪಕ್ಕದ ಪೇಟೆಯಲ್ಲಿ ಸುಮಾರು 4000 ಮುಸ್ಲಿಮರು ಇದ್ದಾರೆ, ಅವರಿಗೂ ಊರಿನವರಿಗೂ ಆಗಾಗ ಹೊಡೆದಾಟ ಆಗುತ್ತದೆ, ಆಗ ಅರಸನೇ ಬಂದು ರಾಜಿ ಮಾಡಿಸುತ್ತಾನೆ, ಯಾಕೆಂದರೆ ಅವನಿಗೆ ವ್ಯಾಪಾರಿಗಳು ಬೇಕು. ಯಾರದ್ದು ಸರಿ, ಯಾರದ್ದು ತಪ್ಪು ಅಂತ ಅರಸ ತೀರ್ಪು ಕೊಟ್ಟ ಹಾಗೆ ಕಾಣುವುದಿಲ್ಲ. ಇಬ್ಬರೂ ಇಲ್ಲದೆ ಬಂದರು ನಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೇ.

ಅದಕ್ಕಿಂತ ಇನ್ನೂರು ವರ್ಷ ಹಿಂದಿನ ಇನ್ನೊಬ್ಬನ ಕಥೆ ನನಗೆ ತುಂಬಾ ಇಷ್ಟ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ. ಊರು ಟುನೀಶಿಯಾದ ಮಹ್ದಿಯಾ. 1132ರ ಹೊತ್ತಿಗೆ ಮಂಗಳೂರಿಗೆ ಬಂದು 1149ರ ತನಕ ಈ ಕರಾವಳಿಯಲ್ಲೇ ಇದ್ದ. ಇಲ್ಲಿ ಕಂಚಿನ ಪಾತ್ರೆ ಮಾಡುವ ಕಮ್ಮಟ ಇಟ್ಟಿದ್ದ. ಯೆಮನ್ ದೇಶದ ಏಡನ್ ಬಂದರಿನಿಂದ ಒಡೆದ ತಾಮ್ರದ ಪಾತ್ರೆಗಳು ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ಕರಗಿಸಿ ಹೊಸ ಪಾತ್ರೆ ಮಾಡಿ ವಾಪಸ್ ಕಳಿಸುತ್ತಿದ್ದರು. ಜೊತೆಗೆ ಅಡಿಕೆ, ಮೆಣಸು, ಕಬ್ಬಿಣ. ಅಶು ಎಂಬ ಇಲ್ಲಿನ ಹೆಣ್ಣನ್ನು ಮದುವೆಯಾದ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಕೈರೋದ ಒಂದು ಹಳೆ ಯಹೂದಿ ಮಂದಿರದಲ್ಲಿ ಸಿಕ್ಕಿದ ಕಾಗದದ ರಾಶಿಯಲ್ಲಿ ಇವರ ಪತ್ರಗಳು ಇದ್ದವು, ಅದರಿಂದಲೇ ಇದೆಲ್ಲ ಗೊತ್ತಾಯಿತು. ಒಂಬೈನೂರು ವರ್ಷದ ಹಿಂದೆ ಒಬ್ಬ ಬೊಮ್ಮ ನಮ್ಮ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ದಾಟಿ ಏಡನ್‌ಗೆ ಹೋಗಿ ಬಂದಿದ್ದ ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಿಮ್ಮ ಮನೆ ಹತ್ತಿರದ ಜೀನತ್ ಬಕ್ಷ್ ಮಸೀದಿಯನ್ನು ನೋಡಿಯೇ ಇರುತ್ತೀರಿ. ಅರಬ್ ನಾಡಿನಿಂದ ಬಂದ ಧರ್ಮಪ್ರಚಾರಕ ಮಲಿಕ್ ದೀನಾರ್ ಕಾಲದ್ದು, ಏಳನೇ ಶತಮಾನದ್ದು ಎಂಬುದು ಅಲ್ಲಿನವರ ನಂಬಿಕೆ. ಆಮೇಲೆ ಟಿಪ್ಪು ಅದನ್ನು ದುರಸ್ತಿ ಮಾಡಿಸಿದ, ಮಗಳ ಹೆಸರೇ ಮಸೀದಿಗೆ ಬಂತು ಎನ್ನುತ್ತಾರೆ. ಒಳಗಿನ ಮರದ ಕೆತ್ತನೆ ನೋಡಿಲ್ಲದಿದ್ದರೆ ಮುಂದಿನ ಸಲ ಕೇಳಿಕೊಂಡು ಹೋಗಿ ನೋಡಿ.

ಪೋರ್ಚುಗೀಸರು 1526ರಲ್ಲಿ ಮಂಗಳೂರನ್ನು ಹಿಡಿದರು. 1568ರಲ್ಲಿ ಕೋಟೆ ಕಟ್ಟಿದರು. ರೊಸಾರಿಯೊ ಇಗರ್ಜಿ ಶುರುವಾದದ್ದೂ ಆ ವರ್ಷವೇ. ಅವರಿಗೆ ಬೇಕಾಗಿದ್ದದ್ದು ಮೆಣಸು ಮಾತ್ರ ಅಲ್ಲ, ಅಕ್ಕಿ. ಗೋವಾದ ಹೊಟ್ಟೆ ತುಂಬುತ್ತಿದ್ದದ್ದು ನಮ್ಮ ಕರಾವಳಿಯ ಅಕ್ಕಿಯಿಂದ. ಅರಬರಿಗೂ ಅದೇ ಅಕ್ಕಿ ಬೇಕು. ಪೋರ್ಚುಗೀಸರು ಅರಬರ ವ್ಯಾಪಾರಕ್ಕೆ ಅಡ್ಡ ಹಾಕುತ್ತಾ ಬಂದರು, ಸಿಟ್ಟಿಗೆದ್ದ ಅರಬರು 1695ರಲ್ಲಿ ಬಂದು ಊರಿಗೇ ಬೆಂಕಿ ಇಟ್ಟರು. ಬೇರೆ ಇಬ್ಬರ ಜಗಳ, ಸುಟ್ಟದ್ದು ನಮ್ಮ ಮನೆಗಳು. ಅದಕ್ಕೂ ಮೊದಲು ಆಚೆ ದಡದ ಉಳ್ಳಾಲದಲ್ಲಿ ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ್ದು ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ.

1763ರಲ್ಲಿ ಹೈದರಾಲಿ ಬಂದ. ಹಡಗು ಕಟ್ಟುವ ಕೆಲಸವನ್ನು ಇಲ್ಲಿ ಶುರು ಮಾಡಿಸಿದ. 1768ರಲ್ಲಿ ಇಂಗ್ಲಿಷರು ಹಿಡಿದರು, ಸ್ವಲ್ಪ ದಿನದಲ್ಲೇ ಕಳೆದುಕೊಂಡರು. ಮತ್ತೆ ಹಿಡಿದರು. ಟಿಪ್ಪು ತಿಂಗಳುಗಟ್ಟಲೆ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದವರು ಅನ್ನ ಇಲ್ಲದೆ 1784ರ ಜನವರಿಯಲ್ಲಿ ಶರಣಾದರು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯಿತು. ಆ ಕಾಲದ ಕಾಗದಗಳಲ್ಲಿ ಊರಿನ ಹೆಸರು ಕೊಡಿಯಾಲ ಬಂದರ್. ಇಡೀ ಊರಿಗೇ ನಿಮ್ಮ ಬೀದಿಯ ಹೆಸರಿತ್ತು, ನೋಡಿ! ಅದೇ 1784ರಲ್ಲಿ ಕೆನರಾದ, ಅಂದರೆ ನಮ್ಮ ಈ ಕರಾವಳಿಯ, ಕ್ರೈಸ್ತರನ್ನು ಟಿಪ್ಪು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ, ರೊಸಾರಿಯೊ ಇಗರ್ಜಿಯೂ ನೆಲಸಮ ಆಯಿತು. ಮಸೀದಿ ದುರಸ್ತಿ ಮಾಡಿಸಿದ್ದನ್ನು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಎರಡೂ ಒಂದೇ ಬೀದಿಗಳ ನೆನಪು.

ಸುಲ್ತಾನ್ ಬತ್ತೇರಿ ಕೋಟೆ ಅಲ್ಲ. ಅದು ಕಾವಲು ಗೋಪುರ. ಯುದ್ಧದ ಹಡಗುಗಳು ಗುರುಪುರ ಹೊಳೆಗೆ ನುಗ್ಗದ ಹಾಗೆ ನೋಡಿಕೊಳ್ಳಲು ಬೋಳೂರಿನಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿಸಿದ್ದು. ಅದೂ 1784ರದ್ದೇ. ನಿಮ್ಮ ಕಂದಕ ಎಂಬ ಹೆಸರು ಹಳೆ ಕೋಟೆಯ ಸುತ್ತ ತೋಡಿದ ಕಂದಕದಿಂದ ಬಂತು ಎಂದು ಹಿರಿಯರು ಹೇಳುತ್ತಿದ್ದರು.

ಬೆಂಗ್ರೆ ತಂಡೇಲ:

ಮಾಸ್ತರರು ಬರೆದದ್ದನ್ನು ಎರಡು ಸಲ ಓದಿದೆ. ಬೊಮ್ಮನ ಕಥೆ ನನಗೆ ಗೊತ್ತಿರಲಿಲ್ಲ. ಆದರೆ ಅರಸರು, ಸುಲ್ತಾನರು, ಪರಂಗಿಯವರು ಎಲ್ಲರೂ ಬಂದು ಹೋದರು, ದೋಣಿ ನಡೆಸಿದವರು ಯಾರು? ಅವರು ಈಗಲೂ ಇಲ್ಲೇ ಇದ್ದಾರೆ. ಆಚೆ ದಡದಲ್ಲಿ. ನಾನು ಅಲ್ಲಿಂದಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಂಗ್ರೆ ಎಂದರೆ ಕಡಲಿಗೂ ಹೊಳೆಗೂ ನಡುವೆ ಇರುವ ಹೊಯ್ಗೆಯ ಪಟ್ಟಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗುರುಪುರ ಹೊಳೆ, ತೆಂಕಣ ತುದಿಯಲ್ಲಿ ಅಳಿವೆ ಬಾಗಿಲು. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಅಲ್ಲೇ ಕಡಲು ಸೇರುತ್ತವೆ. ಬಂದರ್‌ನಿಂದ ಕಡವಿನ ದೋಣಿಯಲ್ಲಿ ಬಂದರೆ ಕೆಲವೇ ನಿಮಿಷ. ರಸ್ತೆಯಲ್ಲಿ ಬರಬೇಕಾದರೆ ಕೂಳೂರು, ಪಣಂಬೂರು ಸುತ್ತಿ, ತಣ್ಣೀರುಬಾವಿ ದಾಟಿ ಬರಬೇಕು. ತೋಟ ಬೆಂಗ್ರೆಯಲ್ಲಿ ನಾವು ಮೊಗವೀರರು ಜಾಸ್ತಿ, ಕಸಬಾ ಬೆಂಗ್ರೆಯಲ್ಲಿ ಮುಸ್ಲಿಮರು ಜಾಸ್ತಿ. ಕಡಲಿಗೆ ಹೋಗುವಾಗ ಇಬ್ಬರಿಗೂ ಅದೇ ಅಳಿವೆ.

ಆ ಅಳಿವೆಯೇ ನಮ್ಮ ಅರ್ಧ ಜಗಳಕ್ಕೆ ಕಾರಣ. ಹೊಳೆ ಮಣ್ಣು ತಂದು ಹಾಕುತ್ತದೆ, ಕಡಲು ಅದನ್ನು ತಿರುಗಿ ತಳ್ಳುತ್ತದೆ, ಬಾಗಿಲಲ್ಲಿ ದಿಬ್ಬ ಏಳುತ್ತದೆ. ನಿನ್ನೆ ಹೋದ ದಾರಿ ಇವತ್ತು ಇರುವುದಿಲ್ಲ. ಇಳಿತದ ಹೊತ್ತಿಗೆ ಬೋಟ್ ತಳ ತಾಗಿದರೆ ಹಿಂದಿನಿಂದ ಬರುವ ಅಲೆ ಅದನ್ನು ಮಗುಚಿ ಹಾಕುತ್ತದೆ. ನನ್ನ ಚಿಕ್ಕಪ್ಪ ಹಾಗೇ ಹೋದರು, ದಡದಿಂದ ನಾವು ನೋಡುತ್ತಿದ್ದ ಹಾಗೇ. ಹೂಳು ತೆಗೆಯಿರಿ ಎಂದು ನಾವು ಪ್ರತಿ ವರ್ಷ ಕೇಳುತ್ತೇವೆ. ಅದಕ್ಕೇ ಜಾಗ ಚಂದ ಮಾಡುವ ಮಾತು ಕೇಳಿದಾಗ ನಮಗೆ ಸಿಟ್ಟು ಬರುತ್ತದೆ. ಮೊದಲು ಬಾಗಿಲು ಸರಿ ಮಾಡಿ, ಆಮೇಲೆ ಅಂಗಳಕ್ಕೆ ದೀಪ ಹಾಕಿ.

ಇನ್ನರ್ಧ ಜಗಳ ನೆಲದ್ದು. ನಮ್ಮ ಮನೆ ನನ್ನ ಮುತ್ತಜ್ಜನ ಕಾಲದ್ದು. ಕರೆಂಟ್ ಬಿಲ್ ಬರುತ್ತದೆ, ಮನೆ ತೆರಿಗೆಯ ರಸೀದಿ ಉಂಟು, ಮತದಾರರ ಪಟ್ಟಿಯಲ್ಲಿ ಮೂರು ತಲೆಮಾರಿನ ಹೆಸರು ಉಂಟು. ಹಕ್ಕುಪತ್ರ ಇರಲಿಲ್ಲ. ಅಪ್ಪ ಅದಕ್ಕಾಗಿ ಒಂದು ಕಚೇರಿಗೆ ಎಷ್ಟು ಸಲ ದೋಣಿ ಹತ್ತಿ ಹೋಗಿದ್ದಾರೋ ಲೆಕ್ಕ ಇಲ್ಲ. ಇದು ಬಂದರಿನ ಜಾಗ ಅಲ್ವಾ, ನೀವು ಹೇಗೆ ಅಲ್ಲಿ ಬಂದಿರಿ ಎಂದು ಅಲ್ಲಿ ಒಬ್ಬರು ಕೇಳಿದರಂತೆ. ಅಪ್ಪ ಮನೆಗೆ ಬಂದು ಮಾತಾಡದೆ ಬಲೆ ಹೆಣೆಯುತ್ತಾ ಕೂತದ್ದು ನನಗೆ ನೆನಪಿದೆ. ಸರ್ಕಾರದ ನಕ್ಷೆಯಲ್ಲಿ ಬಂದರು ಮೊದಲು, ಊರು ಆಮೇಲೆ. ನಮ್ಮ ಲೆಕ್ಕದಲ್ಲಿ ಊರು ಮೊದಲು.

ಇನ್ನೊಂದು ವಿಷಯ. ಮೀನುಗಾರರು ಅಂದರೆ ಒಂದೇ ಗುಂಪು ಅಂತ ತಿಳಿಯಬೇಡಿ. ನನ್ನ ಅಜ್ಜನ ಕಾಲದಲ್ಲಿ ರಂಪಣಿ ಇತ್ತು. ಉದ್ದದ ಬಲೆಯನ್ನು ದೋಣಿಯಲ್ಲಿ ಕೊಂಡುಹೋಗಿ ಕಡಲಲ್ಲಿ ಸುತ್ತು ಹಾಕಿ ಬರುವುದು, ಎರಡು ತುದಿಗಳನ್ನು ದಡದಲ್ಲಿ ಹತ್ತಾರು ಜನ ನಿಂತು ಎಳೆಯುವುದು, ಬಂಗುಡೆ, ಬೂತಾಯಿ ರಾಶಿ ಬಿದ್ದರೆ ಎಳೆದವರಿಗೆಲ್ಲ ಪಾಲು. ಎಪ್ಪತ್ತರ ದಶಕದಲ್ಲಿ ಕಡಲಲ್ಲೇ ದೊಡ್ಡ ಸುತ್ತುಬಲೆ ಹಾಕುವ ಪರ್ಸೀನ್ ಬೋಟ್‌ಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಹಿಂಡು ಹಿಂಡಾಗಿ ಬಾಚಿಕೊಂಡವು. ಆ ದಶಕದ ಕೊನೆಗೆ ಕರಾವಳಿ ಉದ್ದಕ್ಕೂ ರಂಪಣಿಯವರಿಗೂ ಪರ್ಸೀನ್‌ನವರಿಗೂ ದೊಡ್ಡ ಗಲಾಟೆ ಆಯಿತು. ರಂಪಣಿ ಸೋತಿತು. ಈಗ ಅದರ ಸಣ್ಣ ರೂಪ ಕೈರಂಪಣಿ ಅಲ್ಲಲ್ಲಿ ಕಾಣಿಸುತ್ತದೆ. ನಾಡದೋಣಿಯವನ ಕಷ್ಟ ಬೇರೆ, ಟ್ರಾಲ್‌ಬೋಟ್ ಮಾಲಕನ ಕಷ್ಟ ಬೇರೆ, ಬೋಟ್‌ನಲ್ಲಿ ದುಡಿಯುವ ಕಲಾಸಿಯದ್ದು ಮತ್ತೂ ಬೇರೆ, ದಕ್ಕೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವ ಹೆಂಗಸರದ್ದನ್ನಂತೂ ಯಾವ ಸಭೆಯಲ್ಲೂ ಯಾರೂ ಕೇಳುವುದಿಲ್ಲ.

ಹೆಂಚಿನ ಮಾಡು:

ಕಂದಕದ ಮೊಮ್ಮಗಳಿಗೆ, ನಿಮ್ಮ ಅಜ್ಜನ ಕಾಲದ ಬಗ್ಗೆ ನಾನು ಹೇಳಬಲ್ಲೆ. ನನ್ನ ಮಾವ ಗೂಡ್ಸ್ ಶೆಡ್‌ನಲ್ಲಿ ಹಮಾಲಿ ಮೇಸ್ತ್ರಿ ಆಗಿದ್ದರು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಹೊಳೆ ಬದಿಯಲ್ಲೇ ಯಾಕೆ ಎಂದರೆ ಆವೆಮಣ್ಣು ಬರುವುದು ಹೊಳೆಯ ದಡಗಳಿಂದ ದೋಣಿಯಲ್ಲಿ, ಸುಟ್ಟ ಹೆಂಚು ಹೋಗುವುದೂ ಅದೇ ನೀರಿನಲ್ಲಿ ಬಂದರ್‌ಗೆ. ಮಣ್ಣು ಬಂದ ದಾರಿಯಲ್ಲೇ ಹೆಂಚು ಹೋಯಿತು. ಆಮೇಲೆ ಎರಡೂ ಹೊಳೆಗಳ ಬದಿಯಲ್ಲಿ ಕಾರ್ಖಾನೆಗಳು ಸಾಲಾಗಿ ಎದ್ದವು. ಮಂಗಳೂರು ಹೆಂಚು ಎಂಬ ಹೆಸರು ಕಡಲಾಚೆಗೂ ಹೋಯಿತು. 1907ಕ್ಕೆ ರೈಲು ಬಂತು. ಹೆಂಚು, ಕಾಫಿ, ಗೇರುಬೀಜ ಎಲ್ಲ ಬಂದರ್‌ನ ಗೋದಾಮುಗಳಲ್ಲಿ. ಹಳಬರಿಗೆ ಆ ಬೀದಿಗಳು ವಾಸನೆಯಿಂದಲೇ ಗುರುತು ಸಿಗುತ್ತಿದ್ದವು. ಒಂದು ಕಡೆ ಒಣಮೀನು, ಒಂದು ಕಡೆ ಬೆಲ್ಲ, ಒಂದು ಕಡೆ ಕಾಫಿ ಬೀಜ.

ನಿಮ್ಮ ಅಜ್ಜಿ ಹೇಳಿದ ಮಂಜಿ ಎಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ಹಡಗು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಕಡೆಯಿಂದ ತೆಂಗಿನ ನಾರು, ಕೊಬ್ಬರಿ ಹೇರಿಕೊಂಡು ಬರುತ್ತಿದ್ದವು. ವಾಪಸ್ ಹೋಗುವಾಗ ಅಕ್ಕಿ, ಹೆಂಚು, ಮನೆಗೆ ಬೇಕಾದ ಸಾಮಾನು. ಆ ಅಮಿನ್‌ದೀವಿ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದರೆ ಇವತ್ತಿನ ಮಕ್ಕಳು ನಂಬುವುದಿಲ್ಲ. 1956ರ ನವೆಂಬರ್ 1ರ ತನಕ ಅಲ್ಲಿನವರ ಜಿಲ್ಲಾ ಕೇಂದ್ರ ಮಂಗಳೂರು. ನಾರು ಸರ್ಕಾರಕ್ಕೆ ಕೊಡಬೇಕು, ಬದಲಿಗೆ ಅಕ್ಕಿ ಪಡೆಯಬೇಕು, ಬೇರೆಯವರಿಗೆ ಮಾರುವ ಹಾಗಿಲ್ಲ ಎಂಬ ಕಟ್ಟುಪಾಡು ಬಹಳ ಕಾಲ ಇತ್ತು. ದ್ವೀಪದವರ ಕಣ್ಣಲ್ಲಿ ನಮ್ಮ ಬಂದರ್ ಎಂದರೆ ಅನ್ನ ಕೊಡುವ ಜಾಗವೂ ಹೌದು, ತೂಕದಲ್ಲಿ ಅನ್ಯಾಯ ಆಗುವ ಭಯ ಇದ್ದ ಜಾಗವೂ ಹೌದು.

ಬಂದರು ಯಾಕೆ ಕುಸಿಯಿತು ಎಂದು ಕೇಳಿದ್ದೀರಿ. ತಂಡೇಲರು ಹೇಳಿದ ಆ ಅಳಿವೆಯ ದಿಬ್ಬವೇ ಮೊದಲ ಕಾರಣ. ದೊಡ್ಡ ಸ್ಟೀಮರ್ ಒಳಗೆ ಬರುವ ಹಾಗಿಲ್ಲ. ಹೊರಗೆ ಕಡಲಲ್ಲೇ ಲಂಗರು. ಇಲ್ಲಿಂದ ಸಣ್ಣ ದೋಣಿಗಳಲ್ಲಿ ಸರಕು ಸಾಗಿಸಿ ಅಲ್ಲಿ ಏರಿಸಬೇಕು, ಅದರಲ್ಲಿ ನೂರಾರು ಜನರಿಗೆ ಕೆಲಸ ಇತ್ತು, ಆದರೆ ಹಡಗಿನವರಿಗೆ ಅದು ಖರ್ಚು, ಕಾಯುವಿಕೆ. ಮಳೆಗಾಲದಲ್ಲಿ ಎಲ್ಲ ಬಂದ್. ಹಾಗಾಗಿ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಿದರು. 1974ರ ಮೇ ತಿಂಗಳಲ್ಲಿ ಅದು ದೇಶದ 9ನೇ ದೊಡ್ಡ ಬಂದರು ಆಯಿತು. 1975ರ ಜನವರಿ 11ಕ್ಕೆ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಅದಕ್ಕಾಗಿ ಪಣಂಬೂರಿನ ಮೀನುಗಾರರು, ರೈತರು ಮನೆ, ಗದ್ದೆ ಬಿಟ್ಟು ಎದ್ದರು. ಇಲ್ಲಿ ಹಮಾಲಿಗಳು ಕೆಲಸ ಕಳೆದುಕೊಂಡರು. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿರಲಿಕ್ಕಿಲ್ಲ, ಆದರೆ ಏಟು ಬಿದ್ದದ್ದು ಇಬ್ಬರಿಗೂ ಒಂದೇ ವರ್ಷಗಳಲ್ಲಿ.

ತಕರಾರಿನ ಬೇರೂ ಅಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಪಣಂಬೂರಿನದ್ದು ಕೇಂದ್ರದ ಕೈಯಲ್ಲಿ. ಹಳೆ ಬಂದರು ರಾಜ್ಯದ ಕೈಯಲ್ಲಿ. ಮೀನುಗಾರಿಕೆ ಇನ್ನೊಂದು ಇಲಾಖೆ, ನಗರಪಾಲಿಕೆ ಮತ್ತೊಂದು. ಸರಕು ಹೋದ ಮೇಲೆ ಖಾಲಿಯಾದ ಜಾಗಕ್ಕೆ ಮೀನಿನ ಬೋಟ್‌ಗಳು ಬಂದವು. ಬೋಟ್ ಹೆಚ್ಚಾದ ಹಾಗೆ ದಕ್ಕೆ ಸಾಲದಾಯಿತು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಆ ಸಮಯದಲ್ಲಿ ಬಂದು ನೋಡಿ, ಒಂದಕ್ಕೊಂದು ಅಂಟಿಸಿ ಕಟ್ಟಿದ ಬೋಟ್‌ಗಳ ಮೇಲೆ ಕಾಲಿಟ್ಟು ಹೊಳೆಯ ಅರ್ಧಕ್ಕೆ ನಡೆದು ಹೋಗಬಹುದು.

ಬೋಳೂರು ಬದಿ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಬೇಡಿ. ಮಂಗಳೂರಿನಲ್ಲಿ ಎರಡು ಹೊಳೆ, ಒಂದು ಕಡಲು ಇದೆ. ಆದರೆ ನನ್ನ ಅಮ್ಮನಂಥ ವಯಸ್ಸಾದವರಿಗೆ ನೀರಿನ ಬದಿಯಲ್ಲಿ ಹತ್ತು ನಿಮಿಷ ಕೂರಲು ಒಂದು ಕಲ್ಲುಬೆಂಚು ಎಷ್ಟು ಕಡೆ ಇದೆ ಹೇಳಿ. ಎಲ್ಲ ಕಡೆ ಗೋದಾಮಿನ ಹಿಂಬದಿ, ಕಸ, ಕೊಳಚೆ ನೀರಿನ ತೋಡು. ಅಮ್ಮ ಇಡೀ ಜೀವನ ಹೊಳೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಬದುಕಿದರು, ಹೊಳೆಯನ್ನು ನೋಡಿದ್ದು ಸುಲ್ತಾನ್ ಬತ್ತೇರಿಗೆ ಹೋದಾಗ ಮಾತ್ರ. ನಡೆಯುವ ದಾರಿ ಮಾಡಿದರೆ ತಪ್ಪೇನು? ಕೆಲಸ ಮಾಡುವವರಿಗೆ ಮಾತ್ರ ನೀರು, ಊರಿನ ಉಳಿದವರಿಗೆ ಇಲ್ಲ ಅಂದರೆ ಅದೂ ಸರಿಯಲ್ಲ ಅಲ್ವಾ?

ನದಿಯ ಮಗ್ಗುಲು:

ಬೋಳೂರು ಬದಿಯವರ ಅಮ್ಮನ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ. ದಾರಿ ಬೇಡ ಎಂದು ನಾನೂ ಹೇಳುವುದಿಲ್ಲ. ಆದರೆ ಯಾವ ಜಾಗದಲ್ಲಿ, ಎಷ್ಟು ಅಗಲ, ಏನನ್ನು ಕಡಿದು, ಯಾರನ್ನು ಕೇಳಿ ಎಂಬುದು ದೊಡ್ಡ ಪ್ರಶ್ನೆ. ನೇತ್ರಾವತಿ ದಡದಲ್ಲಿ, ರೈಲ್ವೆ ಸೇತುವೆ ಕಡೆಯಿಂದ ಬೋಳಾರದ ಕಡೆಗೆ ಸ್ಮಾರ್ಟ್ ಸಿಟಿಯಲ್ಲಿ ವಾಯುವಿಹಾರದ ದಾರಿ ಶುರುವಾಯಿತು. ದಡದ ಕಾಂಡ್ಲಾ ಗಿಡಗಳ ಬಗ್ಗೆ, ಹೊಳೆಗೆ ಮಣ್ಣು ತುಂಬಿದ ಬಗ್ಗೆ ದೂರು ಎದ್ದು ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಕಾಂಡ್ಲಾ ಗಿಡ ನೋಡಲು ಪೊದೆಯ ಹಾಗೆ ಕಾಣಿಸುತ್ತದೆ, ಆದರೆ ಮೀನಿನ ಮರಿ, ಸಿಗಡಿ, ಏಡಿ ಬೆಳೆಯುವುದು ಅದರ ಬೇರಿನ ನಡುವೆ. ಅದನ್ನು ಕಡಿದು ಬೆಂಚು ಹಾಕಿದರೆ ಅಮ್ಮನಿಗೆ ಕೂರಲು ಜಾಗ ಸಿಗುತ್ತದೆ, ಹೊಳೆಯಲ್ಲಿ ಬೀಸುಬಲೆ ಹಾಕುವವನಿಗೆ ಮೀನು ಸಿಗುವುದಿಲ್ಲ.

ಕಾನೂನನ್ನೂ ಸ್ವಲ್ಪ ಹೇಳುತ್ತೇನೆ. ಕರಾವಳಿ ನಿಯಂತ್ರಣ ವಲಯದ ನಿಯಮ ಮೊದಲು ಬಂದದ್ದು 1991ರಲ್ಲಿ. ಆಮೇಲೆ 2011ರಲ್ಲಿ, 2019ರಲ್ಲಿ ಬದಲಾಯಿತು. ಭರತದ ನೀರು ಒಳಬರುವ ಹೊಳೆಗಳ ಬದಿಯಲ್ಲಿ ಮೊದಲು 100 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜಾಗಕ್ಕೆ ಕಟ್ಟುಪಾಡು ಇತ್ತು. 2019ರ ನಿಯಮದಲ್ಲಿ ಆ 100 ಮೀಟರ್ 50 ಆಯಿತು. ದಕ್ಕೆ, ಜೆಟ್ಟಿಯಂಥ ನೀರಿಲ್ಲದೆ ನಡೆಯದ ಕೆಲಸಗಳಿಗೆ ನಿಯಮದಲ್ಲೇ ಜಾಗ ಇದೆ. ಈ ಕಟ್ಟಡಕ್ಕೆ ನೀರಿನ ಬದಿ ಬೇಕೇ ಬೇಕಾ ಎಂದು ಯಾವ ಯೋಜನೆ ಬಂದರೂ ನಾನು ಮೊದಲು ಕೇಳುತ್ತೇನೆ. ಬೋಟ್ ರಿಪೇರಿಗೆ ಬೇಕು. ಮಂಜುಗಡ್ಡೆಗೆ ದಕ್ಕೆಯ ಹತ್ತಿರ ಬೇಕು. ಅಮ್ಮನ ಬೆಂಚಿಗೂ ಬೇಕು. ದೊಡ್ಡ ಹೋಟೆಲಿಗೆ ಬೇಡ, ಅದು ಎಲ್ಲಿ ಬೇಕಾದರೂ ಆಗುತ್ತದೆ.

ಬೆಂಗ್ರೆಯಲ್ಲಿ ಸರಕು ಹಡಗುಗಳಿಗೆ ಕೇಂದ್ರದ ಬಂದರು ಯೋಜನೆ ಸಾಗರಮಾಲಾದಲ್ಲಿ ಜೆಟ್ಟಿ ಕೆಲಸ ಎತ್ತಿಕೊಂಡಾಗಲೂ ನಾಡದೋಣಿಯವರು ಎದ್ದು ನಿಂತರು. ಅವರು ಅಭಿವೃದ್ಧಿಗೆ ವಿರೋಧಿಗಳು ಎಂದು ಕೆಲವರು ಬರೆದರು. ನಾನು ಅವರ ಜೊತೆ ಕೂತು ಮಾತಾಡಿದ್ದೇನೆ. ನಮ್ಮ ದೋಣಿ ಎಲ್ಲಿ ಕಟ್ಟುವುದು ಎಂದು ಮೊದಲು ತೋರಿಸಿ, ಆಮೇಲೆ ಕಟ್ಟಿ, ಅಷ್ಟೇ ಅವರ ಮಾತು.

ಕಂದಕದ ಮೊಮ್ಮಗಳು:

ಇಷ್ಟು ಸಿಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಮಾಸ್ತರರು ಬರೆದದ್ದನ್ನು ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದೆ. ಬೊಮ್ಮನ ಹೆಸರು ಬಂದಾಗ ಅಜ್ಜಿ ನಿಲ್ಲಿಸಿ, ಅವನು ತಿರುಗಿ ಊರಿಗೆ ಬಂದನಾ ಎಂದು ಕೇಳಿದರು. ಬಂದ ಎಂದೆ. ಆಗಲೇ ಮುಂದೆ ಓದಲು ಬಿಟ್ಟದ್ದು.

ಹೆಂಚಿನ ಮಾಡು ಅವರೇ, ದ್ವೀಪದವರ ಬಗ್ಗೆ ನೀವು ಬರೆದದ್ದನ್ನು ಅಜ್ಜಿ ಹೌದು ಎಂದರು. ಮಂಜಿಯ ಕಲಾಸಿಗಳು ಮಳೆ ಜಾಸ್ತಿಯಾಗಿ ಸಿಕ್ಕಿಹಾಕಿಕೊಂಡರೆ ನಮ್ಮ ಜಗಲಿಯಲ್ಲೇ ಮಲಗುತ್ತಿದ್ದರಂತೆ. ಹೋಗುವಾಗ ಕಪ್ಪು ಬೆಲ್ಲದ ಉಂಡೆ ಕೊಟ್ಟು ಹೋಗುತ್ತಿದ್ದರಂತೆ, ತೆಂಗಿನ ಕಳ್ಳಿನಿಂದ ಮಾಡಿದ್ದು. ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಕಂದಕದಲ್ಲಿ ಹದಿನೆಂಟು ವರ್ಷ ಬದುಕಿಯೂ ನಾನು ಒಮ್ಮೆಯೂ ಬೆಂಗ್ರೆಗೆ ಹೋಗಿಲ್ಲ. ದೋಣಿ ಹೋಗುವುದನ್ನು ದಿನಾ ನೋಡುತ್ತಿದ್ದೆ. ಆಚೆ ದಡ ಯಾರದ್ದೋ ಊರು ಎಂದೇ ಅನಿಸುತ್ತಿತ್ತು. ತಂಡೇಲರೇ, ನಿಮ್ಮ ಚಿಕ್ಕಪ್ಪನ ವಿಷಯ ಓದಿ ತುಂಬಾ ಸಂಕಟವಾಯಿತು. ಮುಂದಿನ ತಿಂಗಳು ಬರುತ್ತೇನೆ. ಅಜ್ಜಿಯೂ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ. ಅವರಿಗೆ ಮಂಡಿ ನೋವು. ದೋಣಿ ಹತ್ತಲು ಆಗುತ್ತದಾ?

ಬೆಂಗ್ರೆ ತಂಡೇಲ:

ಆಗುತ್ತದೆ. ಭರತದ ಹೊತ್ತಿಗೆ ಬನ್ನಿ, ಆಗ ದೋಣಿ ದಕ್ಕೆಯ ಮಟ್ಟಕ್ಕೆ ಏರಿರುತ್ತದೆ, ಒಂದೇ ಹೆಜ್ಜೆ. ಇಳಿತದಲ್ಲಿ ಮೆಟ್ಟಿಲು ಇಳಿಯಬೇಕು, ಪಾಚಿ ಇರುತ್ತದೆ, ಅಜ್ಜಿಗೆ ಕಷ್ಟ. ಯಾವ ದಿನ ಅಂತ ಹೇಳಿದರೆ ನೀರಿನ ಹೊತ್ತು ನೋಡಿ ಇಲ್ಲೇ ಬರೆಯುತ್ತೇನೆ. ನಮ್ಮ ಅಮ್ಮನಿಗೂ ಹೇಳಿದ್ದೇನೆ. ಅವರೂ ಮಂಜಿಗಳನ್ನು ನೋಡಿದವರು, ಈ ದಡದಿಂದ.